ತುರ್ತು ಸಿಬ್ಬಂದಿಯನ್ನು ಬೈಕಿನಲ್ಲಿ ಕಳುಹಿಸುವುದು ಹೇಗೆ: ಅನುಮತಿಯಿಂದ ಮೊದಲ ಕರೆಯವರೆಗೆ ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಗಳು, ಕೈಗಾರಿಕಾ ಪ್ರದೇಶಗಳ ಸಂಘಗಳು, ದೊಡ್ಡ ಬಡಾವಣೆಗಳ ನಿವಾಸಿ ಸಂಘಗಳು, ಜಾತ್ರೆ ನಡೆಸುವ ದೇವಸ್ಥಾನ ಸಮಿತಿಗಳು ತಮ್ಮ ತುರ್ತು ಸಿಬ್ಬಂದಿಯನ್ನು ಬೈಕಿನಲ್ಲಿ ಕಳುಹಿಸುವ ಯೋಜನೆಯನ್ನು ಉತ್ಸಾಹದಿಂದ ಆರಂಭಿಸಿ, ಕೆಲವೇ ತಿಂಗಳಲ್ಲಿ ಕೈಬಿಡುವುದು ಪದೇ ಪದೇ ಕಾಣುತ್ತಿದೆ. ಬಹುಪಾಲು ಕಡೆ ಎಡವುವ ಜಾಗ ಒಂದೇ. ಮೊದಲು ಬೈಕ್ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಪೆಟ್ಟಿಗೆ ಮತ್ತು ಸೈರನ್ ಕೂಡಿಸುತ್ತಾರೆ, ನಂತರ ಓಡಿಸುವವರನ್ನು ಹುಡುಕುತ್ತಾರೆ, ಕೊನೆಗೆ ಅನುಮತಿಗಾಗಿ ಆರ್‌ಟಿಒ ಕಚೇರಿಗೆ ಅಲೆಯುತ್ತಾರೆ. ಯಾರು ಕರೆ ಸ್ವೀಕರಿಸಬೇಕು, ಯಾವ ಕರೆಗೆ ಬೈಕ್ ಹೊರಡಬೇಕು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮುಗಿಸಿ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹಣ ಖರ್ಚು ಮಾಡಬೇಡಿ.

## ಹಂತ 1: ಬೈಕ್ ಯಾವ ಕೆಲಸಕ್ಕೆ ಎಂದು ಮೊದಲು ಬರೆದಿಡಿ

ಬೈಕಿನಲ್ಲಿ ರೋಗಿಯನ್ನು ಸಾಗಿಸುವುದಿಲ್ಲ. ತರಬೇತಿ ಪಡೆದ ಎರಡು ಕೈಗಳನ್ನೂ ಒಂದಿಷ್ಟು ಪರಿಕರಗಳನ್ನೂ ಆಂಬುಲೆನ್ಸ್‌ಗಿಂತ ಮುಂಚೆ ರೋಗಿಯ ಬಳಿ ಮುಟ್ಟಿಸುವುದಷ್ಟೇ ಅದರ ಕೆಲಸ. ಹಾಗಾಗಿ ಕೆಲವು ನಿಮಿಷಗಳ ಅಂತರದಿಂದಲೇ ಫಲಿತಾಂಶ ಬದಲಾಗುವ ಸಂದರ್ಭಗಳನ್ನು ಮಾತ್ರ ಅದರ ಪಟ್ಟಿಗೆ ಸೇರಿಸಬೇಕು. ಹೃದಯ ಬಡಿತ ನಿಂತುಹೋದವರಿಗೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವ ಚಿಕಿತ್ಸೆ) ಮತ್ತು ವಿದ್ಯುತ್ ಆಘಾತ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ತೀವ್ರ ರಕ್ತಸ್ರಾವ, ಗಂಟಲಲ್ಲಿ ಆಹಾರ ಸಿಕ್ಕಿಕೊಂಡಿರುವುದು, ತೀವ್ರ ಉಬ್ಬಸ, ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಿರುವುದು, ರಸ್ತೆ ಅಪಘಾತ ಇವೂ ಇದೇ ಸಾಲಿಗೆ ಸೇರುತ್ತವೆ.

ಪಾರ್ಶ್ವವಾಯು ಮತ್ತು ಹಾವು ಕಡಿತದ ವಿಷಯ ಬೇರೆ. ಅಲ್ಲಿ ರೋಗಿಗೆ ಬೇಕಾದ ಚಿಕಿತ್ಸೆ ಇರುವುದು ಆಸ್ಪತ್ರೆಯಲ್ಲಿ. ಮಲೆನಾಡಿನ ತೋಟವೊಂದರಲ್ಲಿ ಹಾವು ಕಡಿದವರ ಬಳಿಗೆ ಬೈಕ್ ಬೇಗ ತಲುಪಿದರೂ ಕಡಿತವಾದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಿ, ಉಸಿರಾಟ ಗಮನಿಸಿ, ಧೈರ್ಯ ಹೇಳಬಹುದೇ ಹೊರತು ಪ್ರತಿವಿಷ ನೀಡಲಾಗದು. ಇಂಥ ಕರೆಗೆ ಬೈಕ್ ಹೋಗಲಿ, ಆದರೆ ಅದು ಹೋಯಿತೆಂದು ಆಂಬುಲೆನ್ಸ್ ಒಂದು ನಿಮಿಷವೂ ತಡವಾಗಬಾರದು.

ಇದರಿಂದ ಹುಟ್ಟುವ ನಿಯಮವೊಂದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಬೈಕ್ ಹೊರಡುವ ಪ್ರತಿ ಕರೆಗೂ ಅದೇ ಹೊತ್ತಿಗೆ ಆಂಬುಲೆನ್ಸ್ ಕೂಡ ಹೊರಡಬೇಕು. "ಮೊದಲು ಬೈಕ್ ಹೋಗಿ ನೋಡಲಿ, ಬೇಕಿದ್ದರೆ ಆಂಬುಲೆನ್ಸ್ ಕಳುಹಿಸೋಣ" ಎಂಬ ಪದ್ಧತಿ ಒಂದು ಕಡೆ ಶುರುವಾದರೂ ಇಡೀ ಯೋಜನೆ ರೋಗಿಗೆ ಅಪಾಯಕಾರಿಯಾಗುತ್ತದೆ. ಈ ಹಂತದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

## ಹಂತ 2: ಕರೆ ಯಾರಿಗೆ ಬರುತ್ತದೆ, ಬೈಕನ್ನು ಯಾರು ಕಳುಹಿಸುತ್ತಾರೆ

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಸೇವೆಯ ಜೊತೆಗೆ 2015ರ ಏಪ್ರಿಲ್‌ನಲ್ಲಿ ಬೈಕ್ ಆಂಬುಲೆನ್ಸ್‌ಗಳನ್ನು ರಸ್ತೆಗಿಳಿಸಿದಾಗ ಅವುಗಳಿಗೊಂದು ಅನುಕೂಲವಿತ್ತು: ಕರೆ ಕೇಂದ್ರ ಮೊದಲೇ ಇತ್ತು. ಖಾಸಗಿ ಆಸ್ಪತ್ರೆಗೋ ಬಡಾವಣೆಯ ಸಂಘಕ್ಕೋ ಆ ಅನುಕೂಲ ಇರುವುದಿಲ್ಲ, ಆಗ ಅವರು ತಮ್ಮದೇ ಮೊಬೈಲ್ ಸಂಖ್ಯೆಯೊಂದನ್ನು ಫಲಕದಲ್ಲಿ ಬರೆಸುತ್ತಾರೆ. ಗಾಬರಿಯಲ್ಲಿರುವ ಮನುಷ್ಯನಿಗೆ 108 ಅಥವಾ 112 ನೆನಪಾಗುತ್ತದೆಯೇ ಹೊರತು ಹತ್ತಂಕಿಯ ಸಂಖ್ಯೆ ನೆನಪಾಗುವುದಿಲ್ಲ. ಆದ್ದರಿಂದ ಹೀಗೆ ಮಾಡಿ:

1. ನಿಮ್ಮ ವ್ಯಾಪ್ತಿಯಲ್ಲಿ ಯಾವ ಆಂಬುಲೆನ್ಸ್ ಸೇವೆಯೊಂದಿಗೆ ಕೆಲಸ ಮಾಡುತ್ತೀರೋ ಅವರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಬೈಕಿನ ಸವಾರ ತಲುಪಿದ ಮೇಲೆ ರೋಗಿಯ ಮಾಹಿತಿಯನ್ನು ಯಾರಿಗೆ, ಯಾವ ದಾರಿಯಲ್ಲಿ ತಿಳಿಸಬೇಕು ಎಂಬುದೂ ಅದರಲ್ಲಿರಲಿ.

2. ಪಾಳಿಯೊಂದಕ್ಕೆ ಒಬ್ಬರೇ ಕರೆ ನಿರ್ವಾಹಕರಿರಲಿ. ಅವರ ಮುಂದೆ ಹಂತ 1ರಲ್ಲಿ ಬರೆದ ಪಟ್ಟಿ ಇರಲಿ. ಬೈಕ್ ಹೊರಡಬೇಕೇ ಬೇಡವೇ ಎಂಬ ತೀರ್ಮಾನ ಅವರದು, ಸವಾರನದಲ್ಲ.

3. ಸವಾರನಿಗೆ ಹೊರಡುವ ಮುನ್ನ ಮೂರು ಸಂಗತಿಗಳು ಸಿಗಲೇಬೇಕು: ಎಲ್ಲಿ, ಏನಾಗಿದೆ, ಅಲ್ಲಿ ಕಾಯುವವರು ಯಾರು. ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಲು ಕರೆ ಮಾಡಿದವರಿಗೇ ಹೇಳಬೇಕು.

4. ಸವಾರ ಓಡಿಸುತ್ತಿರುವಾಗ ಕರೆ ನಿರ್ವಾಹಕರು ಅವನಿಗೆ ಫೋನ್ ಮಾಡಬಾರದು. ವಿಳಾಸ ಬದಲಾದರೆ ಸಂದೇಶ ಕಳುಹಿಸಿ. ಅವನು ಬೈಕ್ ನಿಲ್ಲಿಸಿ ನೋಡುತ್ತಾನೆ.

ವ್ಯಾಪ್ತಿಯನ್ನು ಚಿಕ್ಕದಾಗಿಡಿ. ಒಂದು ಬೈಕಿಗೆ ನಾಲ್ಕು ಕಿಲೋಮೀಟರ್ ದೂರಕ್ಕಿಂತ ಹೆಚ್ಚು ಕೊಡುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ, ಏಕೆಂದರೆ ಅದನ್ನು ಮೀರಿದರೆ ಸವಾರನಿಗೆ ವೇಗದ ಒತ್ತಡ ಬರುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಇಕ್ಕಟ್ಟಿನ ಬೀದಿಗಳಲ್ಲಿ ಎರಡು ಕಿಲೋಮೀಟರೂ ಸಾಕಷ್ಟು ದೊಡ್ಡದು.

## ಹಂತ 3: ಕಾನೂನಿನ ಕಾಗದಗಳು, ಬೈಕ್ ಕೊಳ್ಳುವ ಮುನ್ನವೇ

ವಾಹನದ ವರ್ಗ. ಆಂಬುಲೆನ್ಸ್‌ಗಳಿಗಾಗಿ ಭಾರತದಲ್ಲಿರುವ ಎಐಎಸ್-125 ಮಾನದಂಡವು ರಸ್ತೆ ಆಂಬುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ಎ ಬಗೆಯು ರೋಗಿಯನ್ನು ಸಾಗಿಸದೆ ಸ್ಥಳದಲ್ಲಿಯೇ ಪ್ರಥಮ ಚಿಕಿತ್ಸೆ ಕೊಡುವ ವಾಹನ. ದ್ವಿಚಕ್ರ ವಾಹನಕ್ಕೂ ಇದರಲ್ಲಿ ಅವಕಾಶವಿದೆ. ನಿಮ್ಮ ಅರ್ಜಿಯಲ್ಲಿ ಈ ಬಗೆಯನ್ನೇ ಹೆಸರಿಸಿ ಕೇಳಿ. ಸುಮ್ಮನೆ "ಬೈಕ್ ಆಂಬುಲೆನ್ಸ್‌ಗೆ ಅನುಮತಿ ಕೊಡಿ" ಎಂದು ಬರೆದರೆ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತಿರುತ್ತದೆ.

ಸೈರನ್ ಮತ್ತು ದೀಪ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮವು ಹಲವು ಸ್ವರಗಳ ಹಾರ್ನ್‌ಗಳನ್ನು ಸಾಮಾನ್ಯ ವಾಹನಗಳಿಗೆ ನಿಷೇಧಿಸುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ ಮುಂತಾದ ವಾಹನಗಳು ಕರ್ತವ್ಯದಲ್ಲಿರುವಾಗ ನೋಂದಣಿ ಪ್ರಾಧಿಕಾರ ಒಪ್ಪಿದ ಶಬ್ದ ಸಂಕೇತವನ್ನು ಬಳಸಬಹುದು. ಆ ಒಪ್ಪಿಗೆ ಬರೆಹದಲ್ಲಿರಬೇಕು. ಬಣ್ಣದ ದೀಪಗಳ ನಿಯಮ 2017ರಲ್ಲಿ ಇನ್ನಷ್ಟು ಬಿಗಿಯಾಯಿತು. ತುರ್ತು ಕರ್ತವ್ಯಕ್ಕೆಂದು ಗುರುತಿಸಿದ ವಾಹನಗಳು ಮಾತ್ರ, ಅದೂ ಕರ್ತವ್ಯದಲ್ಲಿರುವಾಗ ಮಾತ್ರ, ಅವನ್ನು ಬಳಸಬಹುದು. ಊಟ ತರಲು ಹೋಗುವಾಗ ದೀಪ ಹಾಕಿಕೊಂಡು ಹೋದ ಸವಾರನೊಬ್ಬ ಸಾಕು, ಜನರ ವಿಶ್ವಾಸ ಹೋಗಲು.

ದಾರಿ ಪಡೆಯುವ ಹಕ್ಕು. ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಅಡಿಯಲ್ಲಿ ₹10,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಇವೆ. ಆದರೆ ಆ ಕಲಂ ಹೇಳುವುದು ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಮತ್ತು ರಾಜ್ಯ ಸರ್ಕಾರ ಗೊತ್ತುಪಡಿಸಿದ ಇತರ ತುರ್ತು ವಾಹನಗಳ ಬಗ್ಗೆ. ನಿಮ್ಮ ಬೈಕ್ ಕಾಗದದಲ್ಲಿ ಇವುಗಳಲ್ಲಿ ಒಂದಾಗಿಲ್ಲದಿದ್ದರೆ ಅದು ಉಳಿದ ಬೈಕುಗಳಂತೆಯೇ.

ಸ್ವಂತ ಬೈಕಿನ ಪ್ರಶ್ನೆ. ಸ್ವಯಂಸೇವಕರು ಹೆಚ್ಚಾಗಿ ಕೇಳುವುದು ಇದನ್ನೇ. ಅವರು ತಮ್ಮ ಸ್ವಂತ ಬೈಕಿನಲ್ಲಿ ಪರಿಕರಗಳ ಚೀಲ ಹಾಕಿಕೊಂಡು ಹೋಗಲು ಅಡ್ಡಿಯಿಲ್ಲ. ಆದರೆ ಸಿಗ್ನಲ್, ಏಕಮುಖ ಸಂಚಾರ, ವೇಗ ಮಿತಿ ಎಲ್ಲವೂ ಅವರಿಗೆ ಪೂರ್ತಿ ಅನ್ವಯಿಸುತ್ತವೆ. ಸೈರನ್ ಕೂಡದು, ದೀಪ ಕೂಡದು. ಇದನ್ನು ಒಪ್ಪಿ ಸಹಿ ಹಾಕದವರನ್ನು ಪಟ್ಟಿಗೆ ಸೇರಿಸಬೇಡಿ.

ಬದಲಾವಣೆ ಮತ್ತು ವಿಮೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಪೆಟ್ಟಿಗೆಗಳ ಚೌಕಟ್ಟನ್ನು ಬೆಸುಗೆ ಹಾಕಿಸುವ ಮೊದಲು ಅದರ ನಕ್ಷೆಯನ್ನು ಆರ್‌ಟಿಒಗೆ ತೋರಿಸಿ ಲಿಖಿತ ಉತ್ತರ ಪಡೆಯಿರಿ. ವಿಮಾ ಕಂಪನಿಗೂ ಬೈಕಿನ ನಿಜವಾದ ಬಳಕೆಯನ್ನು ತಿಳಿಸಿ. ಸ್ವಂತ ಬಳಕೆಯ ಪಾಲಿಸಿಯಲ್ಲಿ ತುರ್ತು ಸೇವೆ ನಡೆಸಿದರೆ ಅಪಘಾತದ ದಿನ ಪರಿಹಾರದ ಹಣಕ್ಕೆ ತಕರಾರು ಬರುತ್ತದೆ.

ಹೊಣೆಗಾರಿಕೆ. ಕಾಯ್ದೆಯ 134ಎ ಕಲಂ ಮತ್ತು ಕರ್ನಾಟಕದ 2016ರ ಕಾಯ್ದೆ ನೆರವಿಗೆ ಬಂದ ದಾರಿಹೋಕರಿಗೆ ರಕ್ಷಣೆ ಕೊಡುತ್ತವೆ. 134ಎ ಕಲಂನ ರಕ್ಷಣೆ ಪ್ರತಿಫಲದ ನಿರೀಕ್ಷೆಯಿಲ್ಲದೆ ಸ್ವಯಂಪ್ರೇರಣೆಯಿಂದ ನೆರವಾದವರಿಗೆ. ಸಂಬಳ ಪಡೆದು ಕರ್ತವ್ಯದ ಮೇಲೆ ಹೋಗುವ ನಿಮ್ಮ ಸಿಬ್ಬಂದಿ ಅದನ್ನೇ ನಂಬಿಕೊಂಡಿರಲಾಗದು. ಅವರ ಪರವಾಗಿ ಸಂಸ್ಥೆಯೇ ಹೊಣೆ ಹೊರುವ ಪತ್ರ ಮತ್ತು ವೃತ್ತಿ ವಿಮೆ ಬೇಕು.

## ಹಂತ 4: ಜನರನ್ನು ಆರಿಸುವುದು

ಒಳ್ಳೆಯ ಸವಾರನಿಗೆ ಚಿಕಿತ್ಸೆ ಕಲಿಸುವುದೋ, ಒಳ್ಳೆಯ ಇಎಂಟಿಗೆ (ಆಂಬುಲೆನ್ಸ್‌ನ ತುರ್ತು ಚಿಕಿತ್ಸಾ ತಂತ್ರಜ್ಞರಿಗೆ) ಸವಾರಿ ಕಲಿಸುವುದೋ ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಎರಡನೆಯದೇ ಸರಿ. ರೋಗಿಯ ಮುಂದೆ ಮೊದಲ ಎಂಟು ಹತ್ತು ನಿಮಿಷ ಒಬ್ಬಂಟಿಯಾಗಿ ತೀರ್ಮಾನ ತೆಗೆದುಕೊಳ್ಳಬೇಕಾದವರಿಗೆ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡಿದ ಅನುಭವ ಇರಲೇಬೇಕು. ವಾಹನ ಪರವಾನಗಿ ಹಳೆಯದಾಗಿದ್ದು, ಕೆಲವು ವರ್ಷ ನಿತ್ಯ ಬೈಕ್ ಓಡಿಸಿದವರಾಗಿರಲಿ.

ಆಯ್ಕೆಯ ಪರೀಕ್ಷೆಯನ್ನು ಹೀಗೆ ನಡೆಸಿ: ಪೆಟ್ಟಿಗೆಗಳಿಗೆ ಪೂರ್ತಿ ಭಾರ ತುಂಬಿ, ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಕೋನ್‌ಗಳ ನಡುವೆ ಓಡಿಸಲು ಹೇಳಿ. ವೇಗವಾಗಿ ಓಡಿಸುವುದು ಎಲ್ಲರಿಗೂ ಬರುತ್ತದೆ; ಮೂವತ್ತು ಕಿಲೋ ಹೊತ್ತ ಬೈಕನ್ನು ಸಂತೆಯ ಜನರ ನಡುವೆ ಕಾಲೂರದೆ ನಿಧಾನವಾಗಿ ದಾಟಿಸುವುದು ಕೆಲವರಿಗೆ ಮಾತ್ರ ಬರುತ್ತದೆ. ನಂತರ ಅದೇ ಭಾರದಲ್ಲಿ ಒಣ ನೆಲದಲ್ಲಿಯೂ ಒದ್ದೆ ನೆಲದಲ್ಲಿಯೂ ತುರ್ತು ಬ್ರೇಕ್ ಹಾಕಿಸಿ.

ಕೆಲಸಕ್ಕೆ ಸೇರಿಸಬಾರದವರ ಲಕ್ಷಣಗಳೂ ಸ್ಪಷ್ಟವಾಗಿವೆ. ತಲುಪಿದ ಸಮಯದ ದಾಖಲೆ ಮುರಿಯುವ ಬಗ್ಗೆಯೇ ಮಾತನಾಡುವವರು, ಹೆಲ್ಮೆಟ್ ಪಟ್ಟಿ ಬಿಗಿಯದೆ ಹೊರಡುವವರು, ಮಳೆಯಲ್ಲಿ ವೇಗ ತಗ್ಗಿಸದವರು ಎಷ್ಟೇ ನಿಪುಣರಾಗಿದ್ದರೂ ಬೇಡ.

## ಹಂತ 5: ಬೈಕ್ ಮತ್ತು ಸವಾರನ ಉಡುಪು

ಈಗ ಬೈಕ್ ಕೊಳ್ಳಬಹುದು. 150ರಿಂದ 200 ಸಿಸಿಯ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ, ಸೀಟು ಎತ್ತರವಿಲ್ಲದ ಬೈಕ್ ನಗರಕ್ಕೆ ಸಾಕು. ಚಾರ್ಮಾಡಿ, ಆಗುಂಬೆಯಂಥ ಘಟ್ಟದ ರಸ್ತೆಗಳಿರುವಲ್ಲಿ ಇನ್ನಷ್ಟು ಶಕ್ತಿ ಬೇಕಾಗಬಹುದು, ಆದರೆ ತೂಕ ಹೆಚ್ಚಿದಷ್ಟೂ ಕೆಸರಿನಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತುವುದು ಕಷ್ಟವಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಬೈಕ್ ಹೊರಬಹುದಾದ ಒಟ್ಟು ಭಾರ ಬರೆದಿರುತ್ತದೆ. ಸವಾರ, ಉಡುಪು, ಪೆಟ್ಟಿಗೆಗಳು, ಪರಿಕರ ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಆ ಅಂಕಿಯೊಳಗೆ ಇರುವಂತೆ ನೋಡಿಕೊಳ್ಳಿ. ಅಂದಾಜು ಸಾಲದು. ಭಾರಕ್ಕೆ ತಕ್ಕಂತೆ ಹಿಂದಿನ ಚಕ್ರದ ಗಾಳಿಯನ್ನೂ ಶಾಕ್ ಅಬ್ಸಾರ್ಬರ್ ಬಿಗಿತವನ್ನೂ ಹೊಂದಿಸಿ.

ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದು, ಐಎಸ್ 4151 ಗುರುತು ಇರುವಂಥದ್ದು ಆಗಿರಲಿ. ಮೊಣಕೈ, ಭುಜ, ಮೊಣಕಾಲಿಗೆ ರಕ್ಷಣೆ ಇರುವ ಜಾಕೆಟ್ ಮತ್ತು ಪ್ಯಾಂಟ್, ಕಣಕಾಲು ಮುಚ್ಚುವ ಬೂಟು, ಬೆಳಕು ಪ್ರತಿಫಲಿಸುವ ಮೇಲಂಗಿ ಕಡ್ಡಾಯ. ಸಂಸ್ಥೆಯ ಹಣದಲ್ಲಿ ಮೊದಲು ಇವು ಬರಲಿ, ಬಣ್ಣದ ಸ್ಟಿಕ್ಕರ್ ಆಮೇಲೆ.

## ಹಂತ 6: ಪೆಟ್ಟಿಗೆಗಳನ್ನು ತುಂಬುವುದು

ಮೂರು ಪೆಟ್ಟಿಗೆಗಳಿರಲಿ: ಹಿಂದೆ ಒಂದು, ಎರಡು ಪಕ್ಕಗಳಲ್ಲಿ ಒಂದೊಂದು. ಭಾರದ ವಸ್ತುಗಳು ಕೆಳಗೆ, ಪಕ್ಕದ ಪೆಟ್ಟಿಗೆಗಳಲ್ಲಿ; ಎರಡೂ ಕಡೆ ತೂಕ ಸಮವಾಗಿರಬೇಕು. ಹಿಂದಿನ ಪೆಟ್ಟಿಗೆಯಲ್ಲಿ ಹಗುರವಾದ, ಮೊದಲ ಒಂದು ನಿಮಿಷದಲ್ಲಿ ಬೇಕಾಗುವ ವಸ್ತುಗಳಿರಲಿ. ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಕೈಗವಸು ಕಾಣಬೇಕು, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಕತ್ತರಿ, ರಕ್ತ ನಿಲ್ಲಿಸುವ ದಪ್ಪ ಬ್ಯಾಂಡೇಜ್, ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಮತ್ತು ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ). ಬೆವರಿದ ಕೈಗೆ ಕೈಗವಸು ಬೇಗ ಏರುವುದಿಲ್ಲ. ಎಳೆದಾಗ ಬೆರಳಿನ ಬುಡದಲ್ಲಿ ಹರಿಯುತ್ತದೆ. ಆದ್ದರಿಂದ ಒಂದು ಅಳತೆ ದೊಡ್ಡದಾದ ಎರಡು ಜೋಡಿಗಳನ್ನು ಜಾಕೆಟ್ಟಿನ ಹೊರಜೇಬಿನಲ್ಲಿಯೂ ಇಡಿ.

ಪಕ್ಕದ ಪೆಟ್ಟಿಗೆಗಳಲ್ಲಿ ಆಕ್ಸಿಜನ್ ಸಿಲಿಂಡರ್ ಮತ್ತು ಮಾಸ್ಕ್‌ಗಳು, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಬಾಯಿಯಲ್ಲಿನ ದ್ರವ ಹೀರಿ ತೆಗೆಯಲು ಕೈಯಿಂದ ಒತ್ತಿ ನಡೆಸುವ ಸಕ್ಷನ್ ಉಪಕರಣ, ಕುತ್ತಿಗೆ ಪಟ್ಟಿ, ಮುರಿದ ಕೈಕಾಲಿಗೆ ಆಸರೆ ಕೊಡುವ ಮಡಚುವ ಸ್ಪ್ಲಿಂಟ್, ಬಿಪಿ ಯಂತ್ರ, ಪಲ್ಸ್ ಆಕ್ಸಿಮೀಟರ್, ಗ್ಲುಕೋಮೀಟರ್, ವೈದ್ಯರು ಒಪ್ಪಿದ ಔಷಧಗಳು ಇರಲಿ. ಔಷಧ ಕೊಡುವ ಮುನ್ನ ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಔಷಧಗಳನ್ನು ಇಡಲೇಬೇಡಿ.

ಆಕ್ಸಿಜನ್ ಲೆಕ್ಕವನ್ನು ಪ್ರತಿ ಸವಾರನೂ ಬಾಯಿಪಾಠ ಮಾಡಬೇಕು. ಸಿಲಿಂಡರ್‌ನ ನೀರಿನ ಸಾಮರ್ಥ್ಯವನ್ನು (ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು) ಗೇಜ್ ಬಾರ್‌ಗಳಲ್ಲಿ ತೋರಿಸುವ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್‌ನ ಲೀಟರ್‌ಗಳು ಸಿಗುತ್ತವೆ. ಎರಡು ಲೀಟರ್ ಸಿಲಿಂಡರ್‌ನಲ್ಲಿ 150 ಬಾರ್ ಒತ್ತಡವಿದ್ದರೆ ಸುಮಾರು 300 ಲೀಟರ್. ನಿಮಿಷಕ್ಕೆ 10 ಲೀಟರ್ ಹರಿಸಿದರೆ 30 ನಿಮಿಷ, 15 ಲೀಟರ್ ಹರಿಸಿದರೆ 20 ನಿಮಿಷ. ಗೇಜ್ ಅರ್ಧಕ್ಕೆ ಇಳಿದಿದ್ದರೆ ಈ ಅವಧಿಯೂ ಅರ್ಧವಾಗುತ್ತದೆ, ಮತ್ತು ಕೊನೆಯ ಸ್ವಲ್ಪವನ್ನು ಲೆಕ್ಕಕ್ಕೆ ಹಿಡಿಯಬಾರದು. ಸಿಲಿಂಡರ್ ವಾಲ್ವ್‌ಗೆ ಎಣ್ಣೆ ಅಥವಾ ಗ್ರೀಸ್ ತಾಗಿದರೆ ಬೆಂಕಿಯ ಅಪಾಯವಿದೆ. ಚೈನಿಗೆ ಎಣ್ಣೆ ಹಚ್ಚಿದ ಕೈಯಲ್ಲಿ ಅದನ್ನು ಮುಟ್ಟಬೇಡಿ.

ಹೆಚ್ಚು ಜನ ಮರೆಯುವುದು ಬಿಸಿಲನ್ನು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಬೈಕಿನ ಮುಚ್ಚಿದ ಪೆಟ್ಟಿಗೆ ಒಲೆಯಂತಾಗುತ್ತದೆ. ಎಇಡಿಯ ಪ್ಯಾಡ್‌ಗಳ ಅಂಟು ಒಣಗುತ್ತದೆ, ಗ್ಲುಕೋಮೀಟರ್ ಪಟ್ಟಿಗಳು ತಪ್ಪು ಅಂಕಿ ತೋರಿಸುತ್ತವೆ, ಔಷಧಗಳ ಗುಣ ಕುಗ್ಗುತ್ತದೆ. ಬೈಕ್ ನೆರಳಿನಲ್ಲಿ ನಿಲ್ಲಲಿ, ಔಷಧ ಚೀಲ ಪಾಳಿಯ ಬಿಡುವಿನಲ್ಲಿ ಒಳಗೆ ಇರಲಿ, ಪೆಟ್ಟಿಗೆಯೊಳಗೆ ಒಂದು ಉಷ್ಣಮಾಪಕ ಇರಲಿ.

## ಹಂತ 7: ರಸ್ತೆಯ ಮೇಲೆ

ವೇಗದಿಂದ ಎಷ್ಟು ಲಾಭ ಎಂಬುದನ್ನು ಮೊದಲು ಲೆಕ್ಕ ಹಾಕಿ. ನಾಲ್ಕು ಕಿಲೋಮೀಟರ್ ದಾರಿಯನ್ನು ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಕ್ರಮಿಸಲು 6 ನಿಮಿಷ ಬೇಕು. 50ರಲ್ಲಿ ಸುಮಾರು 4 ನಿಮಿಷ 48 ಸೆಕೆಂಡು. ಉಳಿದದ್ದು ಒಂದು ನಿಮಿಷ ಚಿಲ್ಲರೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ವಹಿಯಲ್ಲಿ ಹೆಸರು ಬರೆಸಿಕೊಂಡರೆ, ಲಿಫ್ಟ್ ಹತ್ತನೇ ಮಹಡಿಯಲ್ಲಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಸವಾರನ ಜೀವವನ್ನು ಪಣಕ್ಕಿಟ್ಟು ಉಳಿಸುವ ನಿಮಿಷವನ್ನು ಗೇಟಿನ ಬಳಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ಉಳಿಸಬಹುದು.

ಸಿಗ್ನಲ್ ಕೆಂಪಿರುವಾಗ ತುರ್ತು ವಾಹನವೆಂದು ಗುರುತಾದ ಬೈಕ್ ನಿಲ್ಲಬೇಕು, ಇಲ್ಲವೇ ನಡಿಗೆಯ ವೇಗಕ್ಕೆ ಇಳಿಯಬೇಕು. ನಂತರ ಒಂದೊಂದೇ ಸಾಲನ್ನು ಖಾತ್ರಿ ಮಾಡಿಕೊಂಡು ದಾಟಬೇಕು. ಅಪಾಯ ಕಾದಿರುವುದು ಇಲ್ಲಿಯೇ: ಮೊದಲ ಸಾಲಿನ ಬಸ್ಸು ಸೈರನ್ ಕೇಳಿ ನಿಲ್ಲುತ್ತದೆ, ಬಸ್ಸಿನ ಆಚೆಗಿರುವ ಸ್ಕೂಟರ್ ಸವಾರನಿಗೆ ಬೈಕ್ ಕಾಣುವುದಿಲ್ಲ, ಅವನು ಹಸಿರು ದೀಪ ನಂಬಿ ನುಗ್ಗುತ್ತಾನೆ. ಬಸ್ಸಿನ ಮೂತಿಯ ಬಳಿ ಬಂದಾಗ ಮತ್ತೊಮ್ಮೆ ನಿಂತು, ಕತ್ತು ಚಾಚಿ ನೋಡಿ ಮುಂದೆ ಹೋಗಬೇಕು. ಗಾಜು ಏರಿಸಿಕೊಂಡ ಕಾರಿನವರಿಗೆ ಸೈರನ್ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದಿಲ್ಲ. ದಾರಿ ಬಿಡಲೆಂದು ಅವರು ಬೈಕಿನ ಕಡೆಗೇ ತಿರುಗಬಹುದು. ಹಿಂದೆ ಆಂಬುಲೆನ್ಸ್ ಕೂಡ ಬರುತ್ತಿದ್ದರೆ, ಮೊದಲನೆಯದು ಹೋದ ಕೂಡಲೇ ಜನ ಮತ್ತೆ ರಸ್ತೆಗೆ ಬರುತ್ತಾರೆ ಎಂಬುದು ಎರಡನೆಯವರಿಗೆ ಗೊತ್ತಿರಬೇಕು.

ನಿಂತ ವಾಹನಗಳ ನಡುವೆ ನುಸುಳುವಾಗ ಗಂಟೆಗೆ 15 ಕಿಲೋಮೀಟರ್‌ಗಿಂತ ಹೆಚ್ಚು ವೇಗ ಬೇಡ. ಕಾರಿನ ಬಾಗಿಲು ತೆರೆಯಬಹುದು, ನಡೆದು ದಾಟುವವರು ಎರಡು ಲಾರಿಗಳ ನಡುವಿನಿಂದ ಬರಬಹುದು. ಜೋರು ಮಳೆ, ದಟ್ಟ ಮಂಜು, ನೀರು ನಿಂತ ಅಂಡರ್‌ಪಾಸ್ ಇರುವಾಗ ಬೈಕ್ ಹೊರಡಕೂಡದು ಎಂಬ ನಿಯಮ ಲಿಖಿತವಾಗಿರಲಿ, ಅದನ್ನು ಜಾರಿಗೊಳಿಸುವ ಅಧಿಕಾರ ಸವಾರನಿಗೂ ಇರಲಿ. ಸವಾರ "ಆಗುವುದಿಲ್ಲ" ಎಂದರೆ ಯಾರೂ ಕಾರಣ ಕೇಳಿ ಒತ್ತಾಯಿಸಬಾರದು.

## ಹಂತ 8: ಸ್ಥಳದಲ್ಲಿ ಮೊದಲ ನಿಮಿಷಗಳು

1. ಅಗ್ನಿಶಾಮಕ ವಾಹನ ಅಪಘಾತ ಸ್ಥಳಕ್ಕೆ ಅಡ್ಡವಾಗಿ ನಿಂತು ಕಾವಲಾಗಬಲ್ಲದು. ಬೈಕಿಗೆ ಅದು ಸಾಧ್ಯವಿಲ್ಲ. ಹೆದ್ದಾರಿಯಲ್ಲಿ ಬೈಕನ್ನು ರಸ್ತೆಯಿಂದ ಹೊರಗೆ, ಅಪಘಾತ ಸ್ಥಳವನ್ನು ದಾಟಿ ಮುಂದೆ ನಿಲ್ಲಿಸಿ. ಮೆದು ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು ಬೈಕ್ ಬೀಳುತ್ತದೆ, ಗಟ್ಟಿ ನೆಲ ನೋಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ಕೀಲಿ ತೆಗೆಯಿರಿ.

2. ಬರುವ ವಾಹನಗಳಿಗೆ ಎಚ್ಚರಿಕೆಯ ತ್ರಿಕೋನ ಅಥವಾ ಕೋನ್ ಇಡಿ. ಸುತ್ತ ನಿಂತವರಲ್ಲಿ ಒಬ್ಬರನ್ನು ಹೆಸರು ಕೇಳಿ, ಸಂಚಾರ ನಿಧಾನಿಸುವ ಕೆಲಸಕ್ಕೆ ನಿಲ್ಲಿಸಿ. "ಯಾರಾದರೂ ನೋಡಿಕೊಳ್ಳಿ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

3. ಚಿಮ್ಮುವ ರಕ್ತವಿದ್ದರೆ ಮೊದಲು ಅದನ್ನು ಒತ್ತಿ ಹಿಡಿಯಿರಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ ಟೂರ್ನಿಕೆ ಬಿಗಿದು ಸಮಯವನ್ನು ಅದರ ಮೇಲೆಯೇ ಬರೆಯಿರಿ.

4. ಪ್ರಜ್ಞೆ ಮತ್ತು ಸಹಜ ಉಸಿರಾಟ ಎರಡೂ ಇಲ್ಲದಿದ್ದರೆ ಸಿಪಿಆರ್ ಆರಂಭಿಸಿ: ನಿಮಿಷಕ್ಕೆ 100ರಿಂದ 120 ಒತ್ತುಗಳು, 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತುಗಳಿಗೆ 2 ಉಸಿರು. ಎಇಡಿ ಜೋಡಿಸುವಾಗ ಒತ್ತುವ ಕೆಲಸವನ್ನು ಪಕ್ಕದಲ್ಲಿರುವವರಿಗೆ ತೋರಿಸಿ ಒಪ್ಪಿಸಿ. ಅಪಘಾತಕ್ಕೀಡಾದ ಬೈಕ್ ಸವಾರ ಉಸಿರಾಡುತ್ತಿದ್ದು ಬಾಯಿಗೆ ಅಡ್ಡಿಯಿಲ್ಲದಿದ್ದರೆ ಅವರ ಹೆಲ್ಮೆಟ್ ತೆಗೆಯಲು ಎರಡನೇ ತರಬೇತಾದ ಕೈ ಬರುವವರೆಗೆ ಕಾಯಿರಿ. ಉಸಿರಾಟವಿಲ್ಲದಿದ್ದರೆ ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದುಕೊಂಡು ಈಗಲೇ ತೆಗೆಯಬೇಕು.

5. ಆಂಬುಲೆನ್ಸ್ ಬಂದಾಗ ನಾಲ್ಕು ವಾಕ್ಯಗಳಲ್ಲಿ ವರದಿ ಒಪ್ಪಿಸಿ: ಏನಾಯಿತು, ಏನು ಕಂಡಿತು, ಏನು ಮಾಡಿದೆ, ಈಗ ಹೇಗಿದ್ದಾರೆ.

ಬಳಸಿದ ಸೂಜಿ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಮತ್ತು ಪ್ಲಾಸ್ಟಿಕ್ ನಳಿಕೆ ಕೆಂಪು ಚೀಲಕ್ಕೆ ಹೋಗಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಚಿಕ್ಕ ಡಬ್ಬಿ, ಚಿಕ್ಕ ಚೀಲಗಳು ಬೈಕಿನಲ್ಲಿಯೇ ಇರಲಿ.

## ಹಂತ 9: ದಾಖಲೆ, ಪರಿಶೀಲನೆ, ನಿಲ್ಲಿಸಬೇಕಾದ ಸೂಚನೆಗಳು

ಪ್ರತಿ ಕರೆಗೆ ಐದು ಸಮಯಗಳನ್ನು ಬರೆಯಿರಿ: ಕರೆ ಬಂದದ್ದು, ಬೈಕ್ ಹೊರಟದ್ದು, ಗೇಟು ತಲುಪಿದ್ದು, ರೋಗಿಯ ಬಳಿ ತಲುಪಿದ್ದು, ಆಂಬುಲೆನ್ಸ್ ಬಂದದ್ದು. ಮೂರನೆಯ ಮತ್ತು ನಾಲ್ಕನೆಯ ಸಮಯದ ನಡುವಿನ ಅಂತರವನ್ನು ಬಹಳ ಕಡೆ ಬರೆಯುವುದೇ ಇಲ್ಲ, ತಡವಾಗುವುದು ಹೆಚ್ಚಾಗಿ ಅಲ್ಲಿಯೇ. ಸರಾಸರಿಯನ್ನಷ್ಟೇ ನೋಡಬೇಡಿ, ಅತಿ ಹೆಚ್ಚು ತಡವಾದ ಕರೆಗಳನ್ನು ಒಂದೊಂದಾಗಿ ತೆಗೆದು, ಸವಾರರನ್ನು ಕೂರಿಸಿಕೊಂಡು, ದೂಷಿಸದೆ ಕಾರಣ ಕೇಳಿ.

ಬೈಕಿನ ಬ್ರೇಕ್, ಟೈರು, ಚೈನು, ದೀಪಗಳನ್ನೂ ಆಕ್ಸಿಜನ್ ಗೇಜ್ ಮತ್ತು ಎಇಡಿಯ ಸಿದ್ಧ ಸಂಕೇತವನ್ನೂ ಪಾಳಿ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ಸೇರಿ ನೋಡಿ ಸಹಿ ಹಾಕಲಿ. ಪಾಳಿ ಎಂಟು ಗಂಟೆ ಮೀರದಿರಲಿ. ಎದೆ ನಡುಗಿಸುವ ಸಾವನ್ನು ಕಂಡ ಸವಾರನನ್ನು ಅದೇ ಪಾಳಿಯಲ್ಲಿ ಮತ್ತೆ ರಸ್ತೆಗೆ ಕಳುಹಿಸಬೇಡಿ. ಅವನ ಮನಸ್ಸು ದಾರಿಯ ಮೇಲಿರುವುದಿಲ್ಲ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಸೇವೆಯನ್ನು ಅಂದೇ ನಿಲ್ಲಿಸಿ, ಸರಿಪಡಿಸಿದ ಮೇಲೆಯೇ ಮತ್ತೆ ಆರಂಭಿಸಿ:

- ಬೈಕ್ ತಲುಪಿದೆ ಎಂಬ ಕಾರಣಕ್ಕೆ ಆಂಬುಲೆನ್ಸ್ ಕಳುಹಿಸುವುದು ತಡವಾಗಿದ್ದರೆ ಅಥವಾ ರದ್ದಾಗಿದ್ದರೆ.
- ಸವಾರರು ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ವರದಿ ಮಾಡುವುದನ್ನು ನಿಲ್ಲಿಸಿದ್ದರೆ. ವರದಿ ಬರುತ್ತಿಲ್ಲವೆಂದರೆ ಅವರು ಹೇಳಲು ಹೆದರುತ್ತಿದ್ದಾರೆ ಎಂದು ತಿಳಿಯಿರಿ.
- ಕರ್ತವ್ಯವಲ್ಲದ ಓಡಾಟಕ್ಕೆ ಸೈರನ್ ಅಥವಾ ದೀಪ ಬಳಕೆಯಾಗಿದ್ದರೆ.
- ವಿಮೆ, ಪರವಾನಗಿ ಅಥವಾ ಸಿಪಿಆರ್ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ.
- ಪಾಳಿ ಬದಲಾಗುವಾಗಿನ ವಹಿಯಲ್ಲಿ ಎಲ್ಲ ದಿನಗಳ ಸಹಿಯೂ ಒಂದೇ ಶಾಯಿಯಲ್ಲಿ, ಒಂದೇ ಹೊತ್ತಿನಲ್ಲಿ ಹಾಕಿದಂತೆ ಕಂಡರೆ.